ಕೋಡಿಯಿಲ್ಲದ ಕೆರೆ

(ಬಳಗದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ, ಕೆರೆ ಕಟ್ಟಿದವರು ಏರಿಯನ್ನು ಎಷ್ಟೇ ಎತ್ತರಿಸಿದರೂ ಅದರ ಒಂದು ಮಗ್ಗುಲಲ್ಲಿ ಕೋಡಿಯನ್ನು ಬಿಡದೆ ಇರುತ್ತಿರಲಿಲ್ಲ. ತೂಬು ನೀರುಗಂಟಿಯ ಕೈಯಲ್ಲಿರುತ್ತದೆ. ಕೋಡಿ ಯಾರ ಕೈಯಲ್ಲೂ ಇಲ್ಲ. ನೀರುಗಂಟಿ ಜ್ವರ ಬಂದು ಮಲಗಿದರೂ, ತೂಬು ಸಿಕ್ಕಿಹಾಕಿಕೊಂಡರೂ, ಕೆರೆ ತುಂಬಿದ ದಿನ ಹೆಚ್ಚಾದ ನೀರು ಯಾರ ಅಪ್ಪಣೆಗೂ ಕಾಯದೆ ಕೋಡಿ ಬೀಳುತ್ತದೆ. ಇಂದಿನ ಉಪನ್ಯಾಸದ ವಿಷಯ ಗಣಕಯಂತ್ರವಾದರೂ ಮಾತು ಕೆರೆಯಿಂದ ಆರಂಭವಾಗುವುದಕ್ಕೆ ಕಾರಣವಿದೆ. ಅಮೆರಿಕದ ಮಿಸ್ಸೌರಿ ರಾಜ್ಯದ ಗುಡ್ಡಗಾಡಿನಲ್ಲಿ ಬೆಟ್ಟದ ನೆತ್ತಿಯ ಮೇಲೆ ಒಂದು ಕೆರೆಯನ್ನು ಕಟ್ಟಿದರು. ಅದಕ್ಕೆ ಕೋಡಿ ಇಡಲಿಲ್ಲ. ಕಾಲಾಂತರದಲ್ಲಿ ಅದರ ಕಾವಲನ್ನು ಗಣಕಕ್ಕೆ ವಹಿಸಿದರು. 2005ರ ಡಿಸೆಂಬರ್ 14ರ ಬೆಳಗಿನ ಜಾವ, ಇನ್ನೂ ಕತ್ತಲಿದ್ದಾಗ, ಆ ಕೆರೆ ಒಡೆಯಿತು.

ಗಣಕವು ಲೆಕ್ಕ ಬರೆಯುವ, ಪತ್ರ ಕಳುಹಿಸುವ ಕೆಲಸಗಳಿಗೆ ಮಾತ್ರ ಸೀಮಿತವಾಗಿದ್ದ ಕಾಲ ಕಳೆದು ಬಹಳ ವರ್ಷಗಳಾದವು. ಇಂದು ವಿಮಾನದ ರೆಕ್ಕೆ, ಕಾರಿನ ಬ್ರೇಕು, ಆಸ್ಪತ್ರೆಯ ಔಷಧ ಹನಿಸುವ ಪಂಪು, ವಿದ್ಯುತ್ ಜಾಲ, ಅಣೆಕಟ್ಟಿನ ಬಾಗಿಲು ಇವೆಲ್ಲವನ್ನೂ ತಂತ್ರಾಂಶವೇ ನಡೆಸುತ್ತದೆ. ಇಂತಹ ಜೋಡುವ್ಯವಸ್ಥೆಗಳಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹೆಲೆನ್ ಗಿಲ್ ಅವರು 2006ರಲ್ಲಿ ಸೈಬರ್-ಫಿಸಿಕಲ್ ಸಿಸ್ಟಮ್ಸ್ ಎಂಬ ಹೆಸರಿಟ್ಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದಕ್ಕೆಂದೇ 2011ರಲ್ಲಿ ಒಂದು ಕೇಂದ್ರ ಸ್ಥಾಪನೆಯಾಯಿತು; 2018ರಲ್ಲಿ ಕೇಂದ್ರ ಸರ್ಕಾರ 3,660 ಕೋಟಿ ರೂಪಾಯಿಗಳ ರಾಷ್ಟ್ರೀಯ ಅಭಿಯಾನವೊಂದಕ್ಕೆ ಒಪ್ಪಿಗೆ ನೀಡಿತು. ಹೆಸರು ಹೊಸದು, ಹಣ ದೊಡ್ಡದು. ಒಳಗಿನ ತೊಡಕು ಮಾತ್ರ ಹಳೆಯದು: ಗಣಕದೊಳಗಿನ ಲೋಕಕ್ಕೂ ಹೊರಗಿನ ನೀರು, ಕಲ್ಲು, ಕಬ್ಬಿಣದ ಲೋಕಕ್ಕೂ ನಿಯಮಗಳು ಬೇರೆ ಬೇರೆ.

ಬರ್ಕ್ಲಿಯ ಪ್ರಾಧ್ಯಾಪಕ ಎಡ್ವರ್ಡ್ ಲೀ ಅವರು 2008ರಲ್ಲಿ ಬರೆದ ಪ್ರಬಂಧವೊಂದು ಈ ಭೇದವನ್ನು ಕಾಲದ ಪ್ರಶ್ನೆಯಿಂದ ವಿವರಿಸುತ್ತದೆ. ಸಾಮಾನ್ಯ ತಂತ್ರಾಂಶದಲ್ಲಿ ಉತ್ತರ ಸರಿಯಿದ್ದರೆ ಸಾಕು. ಅದು ಬರಲು ಒಂದು ಕ್ಷಣ ತಡವಾದರೆ ಅದನ್ನು ನಿಧಾನವೆನ್ನುತ್ತಾರೆಯೇ ಹೊರತು ತಪ್ಪೆನ್ನುವುದಿಲ್ಲ. ಬ್ಯಾಂಕಿನ ಲೆಕ್ಕ ಎರಡು ಸೆಕೆಂಡು ತಡವಾಗಿ ಬಂದರೂ ಮೊತ್ತ ಅದೇ. ಬ್ರೇಕು ಎರಡು ಸೆಕೆಂಡು ತಡವಾಗಿ ಹಿಡಿದರೆ ಹಾಗೆನ್ನಲಾಗದು. ಗಣಕಭಾಷೆಗಳನ್ನು ರೂಪಿಸಿದವರು ಕಾಲವನ್ನು ಬೇಕೆಂದೇ ಬದಿಗಿಟ್ಟರು, ಅದರಿಂದ ಅನುಕೂಲವೂ ಆಯಿತು; ಆದರೆ ನದಿಗೂ ತಿರುಗುವ ಚಕ್ರಕ್ಕೂ ಕಾಲವನ್ನು ಬದಿಗಿಡಲು ಬಾರದು ಎಂಬುದು ಅವರ ವಾದದ ತಿರುಳು. ಈ ಮಾತಿಗೆ ಮಲೆನಾಡಿನವರು ಇನ್ನೊಂದನ್ನು ಸೇರಿಸಬಹುದು. ಗಣಕದೊಳಗೆ ಒಂದು ಅಂಕಿ ಬರೆದಿಟ್ಟರೆ ಅದು ಬರೆದ ಹಾಗೆಯೇ ಇರುತ್ತದೆ. ಹೊರಗಿನ ಗೋಡೆ ಕುಸಿಯುತ್ತದೆ, ಬೋಲ್ಟು ದಣಿಯುತ್ತದೆ, ಕೊಳವೆ ಬಾಗುತ್ತದೆ. ಟಾಮ್ ಸಾಕ್‌ನಲ್ಲಿ ನಡೆದುದು ಇದು.

ಟಾಮ್ ಸಾಕ್ ಎಂಬುದು ಪಂಪ್ಡ್ ಸ್ಟೋರೇಜ್ ವಿದ್ಯುದಾಗಾರ. ಕಾರ್ಯಾರಂಭವಾದುದು 1963ರಲ್ಲಿ. ಕೆಳಗೆ ಬ್ಲ್ಯಾಕ್ ನದಿಯ ಒಂದು ಕವಲಿಗೆ ಅಡ್ಡಲಾಗಿ ಒಂದು ಜಲಾಶಯ. ಸುಮಾರು ಎಂಟುನೂರು ಅಡಿ ಮೇಲೆ ಪ್ರಾಫಿಟ್ ಬೆಟ್ಟದ ನೆತ್ತಿಯನ್ನು ತಟ್ಟುಮಾಡಿ, ಸುತ್ತಲೂ ಕಲ್ಲುರಾಶಿಯ ಏರಿ ಹಾಕಿ ಕಟ್ಟಿದ ಮೂತ್ರಪಿಂಡದ ಆಕಾರದ ತೊಟ್ಟಿ. ರಾತ್ರಿ ವಿದ್ಯುತ್ತಿಗೆ ಬೇಡಿಕೆ ಇಲ್ಲದಾಗ ನೀರನ್ನು ಮೇಲಕ್ಕೆತ್ತುವುದು, ಹಗಲು ಬೇಡಿಕೆ ಏರಿದಾಗ ಅದನ್ನೇ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವುದು. ಕಲ್ಲುರಾಶಿಯ ಏರಿಯ ಮೇಲೆ ಹತ್ತು ಅಡಿ ಎತ್ತರದ ಕಾಂಕ್ರೀಟ್ ಗೋಡೆಯಿತ್ತು. ಹೆಚ್ಚು ನೀರು ಹಿಡಿಯುವ ಆಸೆಯಿಂದ ಆ ಗೋಡೆಯ ಮೇಲ್ಭಾಗದವರೆಗೂ ತುಂಬಿಸುವುದು ರೂಢಿಯಾಗಿತ್ತು. ತೊಟ್ಟಿಗೆ ಹಳ್ಳವಿಲ್ಲ, ಹೊಳೆಯಿಲ್ಲ. ಮಳೆ ಬಿಟ್ಟರೆ ಪಂಪು ತಂದ ನೀರೇ ನೀರು. ಪಂಪು ನಿಲ್ಲಿಸುವುದು ಮನುಷ್ಯನ ಕೈಯಲ್ಲಿರುವಾಗ ಕೋಡಿ ಏಕೆ ಎಂಬುದು ಕಟ್ಟಿದವರ ತರ್ಕ.

2004ರಲ್ಲಿ, ಏರಿಯಿಂದ ನೀರು ಸೋರುತ್ತಿದ್ದುದನ್ನು ತಡೆಯಲು ತೊಟ್ಟಿಯ ಒಳಮೈಗೆ ಪ್ಲಾಸ್ಟಿಕ್ ಹೊದಿಕೆ ಹಾಸಿದರು. ಅದರೊಂದಿಗೆ ನೀರಿನ ಮಟ್ಟ ಅಳೆಯುವ ಹೊಸ ಸೆನ್ಸರುಗಳೂ ಬಂದವು. ಇವು ನೀರಿನ ಒತ್ತಡವನ್ನು ಅಳೆಯುವ ಮಾಪಕಗಳು: ತಮ್ಮ ಮೇಲೆ ಎಷ್ಟು ಅಡಿ ನೀರಿದೆ ಎಂಬುದನ್ನು ಒತ್ತಡದಿಂದ ಲೆಕ್ಕ ಹಾಕುತ್ತವೆ. ಏರಿಯ ಇಳಿಜಾರಿನ ಮೇಲೆ ಮಲಗಿಸಿದ ಪ್ಲಾಸ್ಟಿಕ್ ಕೊಳವೆಗಳ ಒಳಗೆ ಅವುಗಳನ್ನು ಇಳಿಬಿಟ್ಟಿದ್ದರು. ಕೊಳವೆಗಳನ್ನು ಬಂಡೆಗೆ ಬಿಗಿಯಬೇಕೆಂದರೆ ಹೊಸ ಹೊದಿಕೆಯನ್ನು ತೂತು ಮಾಡಬೇಕು. ಮಾಡಿದರೆ ಮತ್ತೆ ಸೋರಿಕೆ. ಆದ್ದರಿಂದ ತಂತಿಹಗ್ಗ, ಕೊಂಡಿಗಳಿಂದ ಹಿಡಿದಿಟ್ಟರು. ಒಂದು ತೊಂದರೆಯ ಪರಿಹಾರವು ಇನ್ನೊಂದು ತೊಂದರೆಯ ಬೀಜವಾಗುವ ಪರಿಯನ್ನು ತೋಟಕ್ಕೆ ಔಷಧ ಹೊಡೆಯುವವರಿಗೆ ವಿವರಿಸಬೇಕಾಗಿಲ್ಲ.

ದಿನವೂ ತೊಟ್ಟಿ ತುಂಬುವಾಗ, ಬರಿದಾಗುವಾಗ ನೀರಿನ ಸೆಳೆತಕ್ಕೆ ಸಿಕ್ಕಿ ಕೊಂಡಿಗಳು ಸಡಿಲವಾದವು, ಕೊಳವೆಗಳು ಬಾಗಿದವು. ಬಾಗಿದ ಕೊಳವೆಯೊಳಗಿನ ಮಾಪಕ ತಾನಿದ್ದ ಜಾಗದಿಂದ ಮೇಲಕ್ಕೆದ್ದಿತು. ಮೇಲೆದ್ದ ಮಾಪಕದ ಮೇಲೆ ನೀರು ಕಡಿಮೆ; ಆದುದರಿಂದ ತೊಟ್ಟಿಯಲ್ಲಿ ನೀರು ಇದ್ದುದಕ್ಕಿಂತ ಕಡಿಮೆಯಿದೆ ಎಂದು ಅದು ವರದಿ ಮಾಡತೊಡಗಿತು. ಬಾವಿಯ ಆಳ ನೋಡಲು ಇಳಿಸಿದ ಗಳವನ್ನು ತಳಕ್ಕೆ ಮುಟ್ಟಿಸದೆ ಮೂರಡಿ ಎತ್ತಿ ಹಿಡಿದು ಓದಿದಂತೆ. ಮಾಪಕಗಳೇನೋ ಮೂರಿದ್ದವು. ಒಂದು ಕೆಟ್ಟರೆ ಇನ್ನೆರಡು ಇರಲಿ ಎಂದು ಮೂರರ ಸರಾಸರಿ ತೆಗೆಯುವ ವ್ಯವಸ್ಥೆಯಿತ್ತು. ಆದರೆ ಮೂರೂ ಒಟ್ಟಿಗೆ ಬಾಗುವ ಕೊಳವೆಗಳಲ್ಲಿದ್ದವು. ಒಂದೇ ಸುಳ್ಳನ್ನು ಮೂವರು ಹೇಳಿದರೆ ಸರಾಸರಿಯೂ ಅದೇ ಸುಳ್ಳು.

ಅವುಗಳ ಹಿಂದೆ ಕೊನೆಯ ಕಾವಲಾಗಿ ಇನ್ನೊಂದು ಏರ್ಪಾಟಿತ್ತು. ಗೋಡೆಯ ಮೇಲ್ತುದಿಯ ಸಮೀಪ ಎರಡು ಲೋಹದ ಕಡ್ಡಿಗಳು; ನೀರು ಮುಟ್ಟಿದೊಡನೆ ಪಂಪು ನಿಲ್ಲಬೇಕು. ತನಿಖೆಯಲ್ಲಿ ತಿಳಿದುಬಂದ ಸಂಗತಿಗಳು ಎರಡು. ಮೊದಲನೆಯದು, ಎರಡರಲ್ಲಿ ಯಾವುದಾದರೊಂದು ಮುಟ್ಟಿದರೆ ಸಾಕು ಎಂದಿದ್ದ ತರ್ಕವನ್ನು, ಎರಡೂ ಮುಟ್ಟಿದರೆ ಮಾತ್ರ ಎಂದು ತಂತ್ರಾಂಶದಲ್ಲಿ ಬದಲಾಯಿಸಲಾಗಿತ್ತು. ಎರಡನೆಯದು ಇನ್ನೂ ಸರಳ, ಇನ್ನೂ ಭಯಂಕರ. ಕಡ್ಡಿಗಳಿದ್ದ ಮಟ್ಟ ಸಮುದ್ರಮಟ್ಟದಿಂದ 1597.4 ಮತ್ತು 1597.7 ಅಡಿ. ಕಟ್ಟಿದಾಗ ಗೋಡೆಯ ತುದಿ 1599 ಅಡಿ ಇತ್ತು. ನಲವತ್ತು ವರ್ಷಗಳಲ್ಲಿ ಕಲ್ಲುರಾಶಿ ಅಡಗಿ, ಗೋಡೆ ಕೆಲವೆಡೆ ಎರಡು ಅಡಿಯಷ್ಟು ಇಳಿದಿತ್ತು. ಅತ್ಯಂತ ತಗ್ಗಿನ ಜಾಗದಲ್ಲಿ ಅದರ ಎತ್ತರ 1597 ಅಡಿ. ಅಂದರೆ ನೀರು ಆ ಕಡ್ಡಿಗಳನ್ನು ಮುಟ್ಟುವ ಮೊದಲೇ ಗೋಡೆಯ ಮೇಲೆ ಹರಿದುಹೋಗುತ್ತಿತ್ತು. ಗಣಕದ ಲೆಕ್ಕದಲ್ಲಿ ಗೋಡೆ ಇಳಿದಿರಲೇ ಇಲ್ಲ.

ಮುನ್ಸೂಚನೆ ಇರಲಿಲ್ಲವೇ? ಇತ್ತು. ಅದೇ ವರ್ಷದ ಸೆಪ್ಟೆಂಬರ್ 25ರಂದು ಗೋಡೆಯ ಮೇಲಿಂದ ನೀರು ಚೆಲ್ಲುತ್ತಿದ್ದುದನ್ನು ಕೆಲಸಗಾರರು ಕಣ್ಣಾರೆ ಕಂಡಿದ್ದರು. ಬಿರುಗಾಳಿಯ ಅಲೆಗಳದೂ ಅದರಲ್ಲಿ ಪಾಲಿದೆಯೆಂದು ಭಾವಿಸಲಾಯಿತು. ಕೊಳವೆಗಳು ಸಡಿಲವಾದುದೂ ಅಕ್ಟೋಬರಿನಲ್ಲಿ ಗೊತ್ತಾಯಿತು. ಆದರೆ ಸರಿಪಡಿಸಬೇಕೆಂದರೆ ಉತ್ಪಾದನೆ ನಿಲ್ಲಿಸಬೇಕು. ಹಾಗಾಗಿ ತಂತ್ರಾಂಶದಲ್ಲಿ ಒಂದು ತಿದ್ದುಪಡಿ ಅಂಕಿ ಸೇರಿಸಿ, ತುಂಬಿಸುವ ಮಟ್ಟವನ್ನು ಎರಡು ಅಡಿ ತಗ್ಗಿಸಿ, ದುರಸ್ತಿಯನ್ನು ಮುಂದೂಡಿದರು. ಸುಳ್ಳು ಹೇಳುತ್ತಿದ್ದ ಅಂಕಿಗೆ ಇನ್ನೊಂದು ಅಂಕಿಯನ್ನು ಕೂಡಿಸಿದ್ದಾಯಿತು. ಕೊಳವೆ ಮಾತ್ರ ಮತ್ತಷ್ಟು ಬಾಗುತ್ತಲೇ ಇತ್ತು. ಟಾಮ್ ಸಾಕ್‌ನಲ್ಲಿ ಅಪರಾಧವೆನ್ನಬಹುದಾದದ್ದು ಯಾವುದಾದರೂ ಇದ್ದರೆ ಅದು ಈ ಎರಡು ತಿಂಗಳ ಸೈರಣೆ.

ಡಿಸೆಂಬರ್ 14ರ ಬೆಳಗಿನ ಜಾವ ಐದು ಗಂಟೆ ದಾಟಿದಾಗ ಪಂಪು ಇನ್ನೂ ನೀರು ಎತ್ತುತ್ತಿತ್ತು. ಆಗಾರವನ್ನು ನಡೆಸುತ್ತಿದ್ದವರು ದೂರದ ನಿಯಂತ್ರಣ ಕೊಠಡಿಯಲ್ಲಿದ್ದರು. ತೊಟ್ಟಿಯ ಬಳಿ ನೋಡುವವರಿರಲಿಲ್ಲ. ಪರದೆಯ ಮೇಲಿನ ಅಂಕಿ ನಿಜವಾದ ಮಟ್ಟಕ್ಕಿಂತ ಮೂರು ಅಡಿಗೂ ಹೆಚ್ಚು ಕೆಳಗಿತ್ತು. ಗೋಡೆ ದಾಟಿದ ನೀರು ಅದರ ಬುಡದ ಕಲ್ಲುರಾಶಿಯನ್ನು ಕೊರೆಯಿತು. ಆ ರಾಶಿಯಲ್ಲಿ ಬರಿಯ ಕಲ್ಲಿರದೆ ಮಣ್ಣುಪುಡಿಯೂ ಬೆರೆತಿದ್ದುದರಿಂದ ಕೊರೆತ ಸುಲಭವಾಯಿತು. ಗೋಡೆ ಮಗುಚಿತು, ಏರಿಯಲ್ಲಿ ಆರುನೂರು ಅಡಿಗೂ ಅಗಲವಾದ ಬಿರುಕು ತೆರೆಯಿತು, ಅರ್ಧ ಗಂಟೆಯೊಳಗೆ ತೊಟ್ಟಿ ಬರಿದಾಯಿತು. ಹರಿದುಹೋದದ್ದು ಸುಮಾರು 130 ಕೋಟಿ ಗ್ಯಾಲನ್. ಈ ಕಡೆಯ ಲೆಕ್ಕದಲ್ಲಿ 0.17 ಟಿಎಂಸಿ. ಲಿಂಗನಮಕ್ಕಿಯ ಸುಮಾರು 151 ಟಿಎಂಸಿಯ ಮುಂದೆ ಒಂದು ಬೊಗಸೆ. ಆ ಬೊಗಸೆ ನೀರು ಬೆಟ್ಟದ ಕಾಡನ್ನು ಬಂಡೆ ಕಾಣುವವರೆಗೂ ಬೋಳಿಸಿ, ಕೆಳಗಿನ ಜಾನ್ಸನ್ಸ್ ಶಟ್-ಇನ್ಸ್ ಉದ್ಯಾನದ ಮೇಲೆ ಬಿದ್ದಿತು. ಉದ್ಯಾನದ ಮೇಲ್ವಿಚಾರಕರ ಮನೆ ಕೊಚ್ಚಿಹೋಯಿತು. ಅವರೂ ಅವರ ಪತ್ನಿಯೂ ಮೂವರು ಎಳೆಯ ಮಕ್ಕಳೂ ಕತ್ತಲಲ್ಲಿ, ಕೊರೆಯುವ ಚಳಿಯಲ್ಲಿ, ನೀರಿನಲ್ಲಿ ತೇಲಿಹೋಗಿ ಬದುಕುಳಿದರು. ಯಾರೂ ಸಾಯಲಿಲ್ಲ. ಚಳಿಗಾಲವಾದ್ದರಿಂದ ಉದ್ಯಾನದ ಶಿಬಿರತಾಣ ಖಾಲಿಯಿತ್ತು. ಬೇಸಿಗೆಯಾಗಿದ್ದರೆ ಅಲ್ಲಿ ಡೇರೆಗಳಲ್ಲಿ ಕುಟುಂಬಗಳು ಮಲಗಿರುತ್ತಿದ್ದವು. ಕೆಳಗಿನ ಅಣೆಕಟ್ಟು ನೀರನ್ನು ತಡೆದು ನಿಂತದ್ದರಿಂದ ಅದರಾಚೆಯ ಲೆಸ್ಟರ್‌ವಿಲ್ ಊರು ಉಳಿಯಿತು.

ಅಮೆರಿಕದ ಈ ಕತೆ ಈ ಸಭೆಗೆ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಶರಾವತಿ ಕಣಿವೆಯಲ್ಲಿದೆ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪೆ, ನಡುವೆ ನೆಲದಡಿಯ ವಿದ್ಯುದಾಗಾರ, 2000 ಮೆಗಾವಾಟ್. ಇದು ಕರ್ನಾಟಕ ವಿದ್ಯುತ್ ನಿಗಮದ ಪಂಪ್ಡ್ ಸ್ಟೋರೇಜ್ ಪ್ರಸ್ತಾವ. ಸಿಂಗಳೀಕಗಳ ಅಭಯಾರಣ್ಯ, ಕಡಿಯಬೇಕಾದ ಮರಗಳು, ಸಡಿಲ ಮಣ್ಣಿನ ಇಳಿಜಾರುಗಳು ಇವೆಲ್ಲದರ ಬಗೆಗೆ ಈ ಬಳಗದವರೂ ಇತರರೂ ಎತ್ತಿದ ಪ್ರಶ್ನೆಗಳು ಎಲ್ಲರಿಗೂ ತಿಳಿದಿವೆ. ಅವುಗಳ ತೂಕ ಕಡಿಮೆಯಾಗುವುದಿಲ್ಲ. ಆದರೆ ಆ ಯಂತ್ರವನ್ನು ದಿನವೂ ನಡೆಸುವವರು ಯಾರು, ಯಾವುದನ್ನು ನೋಡಿ ನಡೆಸುತ್ತಾರೆ ಎಂಬ ಪ್ರಶ್ನೆ ಅಷ್ಟಾಗಿ ಕೇಳಿಬಂದಿಲ್ಲ. ಇಲ್ಲೊಂದು ಎಚ್ಚರದ ಮಾತು ಅಗತ್ಯ: ತಲಕಳಲೆಯಾಗಲಿ ಗೇರುಸೊಪ್ಪೆಯಾಗಲಿ ಟಾಮ್ ಸಾಕ್‌ನಂತಹ ಬೆಟ್ಟದ ನೆತ್ತಿಯ ತೊಟ್ಟಿಗಳಲ್ಲ, ಕಣಿವೆಗೆ ಅಡ್ಡ ಕಟ್ಟಿದ ಅಣೆಕಟ್ಟುಗಳು. ಅಲ್ಲಿ ನಡೆದದ್ದೇ ಇಲ್ಲಿ ನಡೆಯುವುದೆಂದು ಹೆದರಿಸುವುದು ಪ್ರಾಮಾಣಿಕವಾಗದು. ಸಮಾನವಾದುದು ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲಕ್ಕೆ ಬೆಸೆದುಕೊಂಡಿತು. ಅಂದಿನಿಂದ ಇಡೀ ದೇಶದ ಜಾಲಕ್ಕೆ ಒಂದೇ ಮಿಡಿತ, ಸೆಕೆಂಡಿಗೆ ಐವತ್ತು. ಪಾವಗಡದ ಸೌರಫಲಕಗಳ ಮೇಲೆ ಮೋಡ ಕವಿದರೆ ಎಲ್ಲಿಯೋ ಒಂದು ಚಕ್ರ ಆ ಕೊರತೆಯನ್ನು ತುಂಬಬೇಕು. ಪಂಪ್ಡ್ ಸ್ಟೋರೇಜ್ ಇರುವುದೇ ಅದಕ್ಕಾಗಿ. ಕಣಿವೆಯ ನೀರು ಏರುವುದೂ ಇಳಿಯುವುದೂ ಆಗ ಮಳೆಯ ಮೇಲೆ ನಿಲ್ಲದು. ದೂರದ ಕೊಠಡಿಯಲ್ಲಿ ಓದುವ ಅಂಕಿಯ ಮೇಲೆ ನಿಲ್ಲುತ್ತದೆ.

ದೂರದ ಅಂಕಿಯನ್ನು ಅನುಸರಿಸುವ ಚಕ್ರದ ಗತಿ ಏನಾಗಬಹುದೆಂಬುದಕ್ಕೆ ರಷ್ಯದ ಸಯಾನೊ-ಶುಶೆನ್‌ಸ್ಕಯಾ ವಿದ್ಯುದಾಗಾರದ ಉದಾಹರಣೆಯಿದೆ. 640 ಮೆಗಾವಾಟಿನ ಹತ್ತು ಯಂತ್ರಗಳ ಆಗಾರ ಅದು. 2009ರ ಆಗಸ್ಟ್ 16ರ ರಾತ್ರಿ ಬ್ರಾತ್ಸ್ಕ್ ಆಗಾರದಲ್ಲಿ ಬೆಂಕಿ ಬಿದ್ದು, ಜಾಲದ ಏರಿಳಿತ ಸರಿದೂಗಿಸುವ ಹೊಣೆ ಇಲ್ಲಿಗೆ ಬಂದಿತು. ಸ್ವಯಂಚಾಲಿತ ನಿಯಂತ್ರಣ ಆ ಕೆಲಸಕ್ಕೆ ಎರಡನೆಯ ಯಂತ್ರವನ್ನು ಮುಂದೆ ಮಾಡಿತ್ತು. ಪ್ರತಿ ಜಲಚಕ್ರಕ್ಕೂ ನಿಲ್ಲಬಾರದ ಒಂದು ಮಧ್ಯದ ವಲಯವಿರುತ್ತದೆ. ಅಲ್ಲಿ ನೀರು ಸುಳಿಗಟ್ಟಿ ಚಕ್ರ ನಡುಗುತ್ತದೆ. ಎರಡನೆಯ ಯಂತ್ರ ಆ ವಲಯವನ್ನು ಮತ್ತೆ ಮತ್ತೆ ಹಾಯಬೇಕಾಯಿತು. ನಿಯಂತ್ರಣ ತಂತ್ರಾಂಶಕ್ಕೆ ಬೇಕಾಗಿದ್ದುದು ಮೆಗಾವಾಟ್. ಯಂತ್ರದ ನಡುಕ ಅದರ ಲೆಕ್ಕದಲ್ಲಿರಲಿಲ್ಲ. ಮರುದಿನ ಬೆಳಗ್ಗೆ ಎಂಟು ಗಂಟೆ ದಾಟಿ ಕೆಲ ನಿಮಿಷಕ್ಕೆ ಚಕ್ರದ ಮೇಲ್ಮುಚ್ಚಳದ ಬೋಲ್ಟುಗಳು ಹರಿದು, ಯಂತ್ರ ನೀರಿನೊಂದಿಗೆ ಮೇಲಕ್ಕೆ ಚಿಮ್ಮಿತು. 75 ಮಂದಿ ಸತ್ತರು. ಬಹುಪಾಲು ಬೋಲ್ಟುಗಳಲ್ಲಿ ಮೊದಲೇ ದಣಿವಿನ ಬಿರುಕುಗಳಿದ್ದವು, ಕೆಲವಕ್ಕೆ ನಟ್ಟೇ ಇರಲಿಲ್ಲ. ವಿದ್ಯುತ್ ಹೋಗಿ ಸ್ವಯಂಚಾಲಿತ ರಕ್ಷಣೆಗಳು ಸತ್ತವು. ಕೊನೆಗೆ ಅಣೆಕಟ್ಟಿನ ಮೇಲೆ ಹೋಗಿ ಬಾಗಿಲುಗಳನ್ನು ಕೈಯಿಂದ ಇಳಿಸಿದವರು ಕೆಲಸಗಾರರು. ಅದಕ್ಕೆ ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯಿತು.

ಹತ್ತಿರದಲ್ಲಿಯೂ ಬೋಧಪ್ರದ ಘಟನೆಯೊಂದಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಣಿ ತುಂಡಾಗಿ ಬಾಗಿಲು ಕೊಚ್ಚಿಹೋಯಿತು. ಮಲೆನಾಡಿನ ಮಳೆಯಿಂದ ತುಂಬಿದ್ದ ನೀರು ಹರಿದುಹೋಗುತ್ತಿರುವಾಗಲೇ ಒಂದು ವಾರದೊಳಗೆ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು. ಅದು ಗಣಕದ ತಪ್ಪಲ್ಲ, ತುಕ್ಕಿನ ಮತ್ತು ವಯಸ್ಸಿನ ತಪ್ಪು. ಆದರೆ ಅಂತಹ ಸರಪಣಿಯ ತುದಿಗೆ ನಾಳೆ ಮೋಟಾರನ್ನೂ ಸೆನ್ಸರನ್ನೂ ಜೋಡಿಸಿ ಆಧುನೀಕರಣ ಮುಗಿಯಿತೆಂದರೆ, ಆಜ್ಞೆ ಕ್ಷಣದಲ್ಲಿ ತಲುಪೀತು. ಎತ್ತಬೇಕಾದುದು ಅದೇ ಸರಪಣಿ.

ಇನ್ನು ನದಿಯೊಳಗಿರುವ ಮನುಷ್ಯರ ಮಾತು. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನ ಕೆಳಗೆ ಬಂಡೆಗಳ ಮೇಲೆ ನಿಂತು ಚಿತ್ರ ತೆಗೆಯುತ್ತಿದ್ದ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಜಾಲಕ್ಕೆ ವಿದ್ಯುತ್ ಹೆಚ್ಚಾಗಿ ಉತ್ಪಾದನೆ ತಗ್ಗಿಸಬೇಕಾಗಿತ್ತು. ಚಕ್ರಕ್ಕೆ ಹೋಗದ ನೀರನ್ನು ಬಾಗಿಲು ತೆರೆದು ನದಿಗೆ ಬಿಟ್ಟರು. ಜಾಲದ ದೃಷ್ಟಿಯಿಂದ ಅಂದು ಯಾವುದೂ ತಪ್ಪಾಗಲಿಲ್ಲ. ವ್ಯವಸ್ಥೆಯ ಗಡಿಯನ್ನು ಎಲ್ಲಿ ಎಳೆದಿದ್ದಾರೆ ಎಂಬುದೇ ವಿನ್ಯಾಸದ ಅತಿ ಕಠಿಣ ಭಾಗವೆನ್ನುವುದು ಇದಕ್ಕೆ. ಬಂಡೆಯ ಮೇಲೆ ನಿಂತವರಿಗೆ ಆ ನಕ್ಷೆಯಲ್ಲಿ ಜಾಗವಿರಲಿಲ್ಲ. ಶರಾವತಿಯ ಅಳಿವೆಯಲ್ಲಿ ಚಿಪ್ಪು ಆಯುವವರಿಗೂ ಇಲ್ಲ: ವಿದ್ಯುದಾಗಾರಗಳಿಂದ ವರ್ಷವಿಡೀ ಬರುವ ಸಿಹಿನೀರು ಅಲ್ಲಿನ ಉಪ್ಪಿನ ಹದವನ್ನು ಕೆಡಿಸಿದೆ, ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿರುವಂತಹ ಚಿಪ್ಪಿನ ಸಮೃದ್ಧಿ ಇಲ್ಲಿಲ್ಲ. ಯಾವ ನಿಯಂತ್ರಣ ಕೊಠಡಿಯ ಪರದೆಯ ಮೇಲೂ ಉಪ್ಪಿನ ಅಂಕಿ ಮೂಡುವುದಿಲ್ಲ.

ಆದುದರಿಂದ ಅಹವಾಲು ಸಭೆಗಳಿಗೆ ಹೋಗುವ ಕಾರ್ಯಕರ್ತರು ಸಾವಿರ ಪುಟಗಳ ವರದಿಯನ್ನು ಎದುರಿಗಿಟ್ಟುಕೊಂಡು ಕೇಳಬಹುದಾದ ಕೆಲವು ಪ್ರಶ್ನೆಗಳಿವೆ. ಇವುಗಳಿಗೆ ಗಣಕಶಾಸ್ತ್ರದ ಪದವಿ ಬೇಡ. ನೀರಿನ ಮಟ್ಟವನ್ನು ಅಳೆಯುವ ಉಪಕರಣವನ್ನು ಯಾವುದಕ್ಕೆ ಬಿಗಿದಿದ್ದಾರೆ, ಅದನ್ನು ಕಣ್ಣಿನಿಂದ ಓದುವ ಮಟ್ಟದ ಪಟ್ಟಿಯೊಂದಿಗೆ ತಾಳೆ ನೋಡುವವರು ಯಾರು, ಎಷ್ಟು ದಿನಕ್ಕೊಮ್ಮೆ? ಪಂಪನ್ನು ನಿಲ್ಲಿಸುವ ಕೊನೆಯ ರಕ್ಷಣೆ ಅದೇ ಗಣಕದೊಳಗಿದೆಯೋ, ಬೇರೆ ತಂತಿಯ ಮೇಲಿದೆಯೋ? ಸಂಪರ್ಕ ಕಡಿದುಹೋದರೆ ಬಾಗಿಲು ಯಾವ ಸ್ಥಿತಿಯಲ್ಲಿ ನಿಲ್ಲುತ್ತದೆ? ಉಪಕರಣ ಸುಳ್ಳು ಹೇಳುತ್ತಿದೆಯೆಂದು ತಿಳಿದ ದಿನ ಉತ್ಪಾದನೆಯನ್ನು ನಿಲ್ಲಿಸುವ ಅಧಿಕಾರ ಸ್ಥಳದಲ್ಲಿರುವ ಇಂಜಿನಿಯರಿಗೆ ಇದೆಯೇ, ಇಲ್ಲವೇ ರಾಜಧಾನಿಯ ಅಪ್ಪಣೆಗೆ ಕಾಯಬೇಕೇ? ನೀರು ಬಿಡುವ ಮೊದಲು ಹೊಳೆಯಲ್ಲಿ ದನ ತೊಳೆಯುವವನಿಗೆ ತಿಳಿಯುವುದು ಹೇಗೆ? ಈ ಕೊನೆಯ ಪ್ರಶ್ನೆಗೆ ಮೊಬೈಲ್ ಸಂದೇಶವೆಂಬ ಉತ್ತರ ಬಂದರೆ, ಕಣಿವೆಯ ಎಷ್ಟು ಮನೆಗಳಲ್ಲಿ ಸಿಗ್ನಲ್ ಸಿಗುತ್ತದೆಂದು ಸಭೆಯಲ್ಲಿಯೇ ಕೈಯೆತ್ತಿಸಿ ಎಣಿಸಬಹುದು.

ಟಾಮ್ ಸಾಕ್‌ನ ಮಾಲೀಕ ಸಂಸ್ಥೆಯಾದ ಅಮೆರೆನ್‌ಗೆ ಅಲ್ಲಿನ ಕೇಂದ್ರ ಇಂಧನ ನಿಯಂತ್ರಣ ಆಯೋಗವು 2006ರಲ್ಲಿ ಒಂದೂವರೆ ಕೋಟಿ ಡಾಲರ್ ದಂಡ ವಿಧಿಸಿತು. ತೊಟ್ಟಿಯನ್ನು ಪೂರಾ ಕೆಡವಿ, ಕಲ್ಲುರಾಶಿಯ ಬದಲು ಕಾಂಕ್ರೀಟಿನಲ್ಲಿ ಹೊಸದಾಗಿ ಕಟ್ಟಿದರು. 2010ರ ಏಪ್ರಿಲಿನಲ್ಲಿ ಅದು ಮತ್ತೆ ಕೆಲಸಕ್ಕಿಳಿಯಿತು. ಹೊಸ ಮಾಪಕಗಳು ಬಂದವು, ನೀರನ್ನು ಸದಾ ನೋಡುತ್ತಿರುವ ಕ್ಯಾಮೆರಾಗಳು ಬಂದವು. ಅವುಗಳೊಂದಿಗೆ, ವಿದ್ಯುತ್ತಾಗಲಿ ತಂತ್ರಾಂಶವಾಗಲಿ ಬೇಡದ ಒಂದು ಭಾಗವನ್ನೂ ಈ ಬಾರಿ ಗೋಡೆಯಲ್ಲಿಯೇ ಕಟ್ಟಿದ್ದಾರೆ: ಹೆಚ್ಚಾದ ನೀರು ತಾನಾಗಿ ಹರಿದುಹೋಗಲು ಒಂದು ಕೋಡಿ.